ನಾಲ್ಕನೇ ಜ್ವರ

ಹೋದ ವಾರ ರಾಮನಗರದ ಹತ್ತಿರ ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ತಟ್ಟೆ ಇಡ್ಲಿಗೆಂದು ನಿಂತಿದ್ದೆವು. ಮಗಳಿಗೆ ದಸರಾ ರಜೆ, ನಮಗೆ ಅವಳ ನೆಪ. ಕೈ ತೊಳೆಯುವ ಜಾಗದ ಗೋಡೆಗೆ ಚಂದಕ್ಕೆಂದು ಒಂದು ಚಂದ್ರಿಕೆ ನೇತುಹಾಕಿದ್ದರು. ರೇಷ್ಮೆ ಹುಳ ಗೂಡು ಕಟ್ಟಲೆಂದು ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ಮಾಡುವ ದೊಡ್ಡ ತಟ್ಟಿ ಅದು. ಸುತ್ತಲೂ ಮಿಣಮಿಣ ಬಲ್ಬು ಬೇರೆ. ಹತ್ತಿರ ಹೋಗಿ ಮೂಸಿ ನೋಡಿದೆ. ಯಾರಾದರೂ ಕಂಡಾರೆಂದು ನನ್ನ ಗಂಡ ಅತ್ತಿತ್ತ ನೋಡಿದರು. ಸುರುಳಿಯ ಸಂದಿಯಲ್ಲಿ ಇನ್ನೂ ಎರಡೆಳೆ ನೂಲು ಅಂಟಿಕೊಂಡಿತ್ತು. ಬಾಡಿದ ಸೊಪ್ಪು, ಸುಣ್ಣ, ಬಿದಿರು ಎಲ್ಲ ಕಲೆತ ಆ ವಾಸನೆ ನಿಜಕ್ಕೂ ಅಲ್ಲಿತ್ತೋ, ನಾನೇ ಹುಟ್ಟಿಸಿಕೊಂಡೆನೋ... ಅತ್ತೆ ಬಂದು ಪಕ್ಕದಲ್ಲಿ ನಿಂತಂತಾಯಿತು.

ಅಪ್ಪನ ಅಕ್ಕ ಅವಳು. ಕನಕಪುರದಾಚೆ ಅರ್ಕಾವತಿ ಹೊಳೆ ದಂಡೆಯ ಹಳ್ಳಿಗೆ ಮದುವೆಯಾಗಿ ಹೋಗಿದ್ದಳು. ನಾವು ಕುದೂರಿನವರು. ಪ್ರತಿ ದಸರಾ ರಜೆಗೂ ಅಪ್ಪ ತನ್ನ ಹಳೇ ವ್ಯಾನಿಗೆ ಅಮ್ಮನನ್ನೂ ನನ್ನನ್ನೂ ಹತ್ತಿಸಿಕೊಂಡು ಹೊರಡುತ್ತಿದ್ದ. ಮಾಗಡಿಯಲ್ಲಿ ಕೋಟೆ, ರಾಮನಗರದಲ್ಲಿ ಚಿಕ್ಕಮ್ಮನ ಮನೆಯ ಊಟ, ಚನ್ನಪಟ್ಟಣದಲ್ಲಿ ನನಗೊಂದು ಬುಗುರಿ. ಅರಗಿನ ಬಣ್ಣದ ಆ ಬುಗುರಿಯನ್ನು ಕೆನ್ನೆಗೆ ಒತ್ತಿಕೊಂಡೇ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದೆ. ಕಣ್ಣು ಬಿಟ್ಟಾಗಲೆಲ್ಲ ಕಿಟಕಿಯಲ್ಲಿ ಅದೇ ಬಂಡೆ ಬೆಟ್ಟ, ಅದೂ ನಮ್ಮ ಜೊತೆ ನೆಂಟರ ಮನೆಗೆ ಹೊರಟಂತೆ. ನಿದ್ದೆ, ಎಚ್ಚರ, ಮತ್ತೆ ನಿದ್ದೆ... ಯಾವುದು ಮಾಗಡಿ ರಸ್ತೆ, ಯಾವುದು ಸಾತನೂರು ರಸ್ತೆ, ಈಗ ಬೇರೆ ಮಾಡಿ ಹೇಳಲಾರೆ. ಆ ದಾರಿಗಳೆಲ್ಲ ಕೊನೆಗೆ ಅತ್ತೆ ಮನೆಯ ಅಂಗಳಕ್ಕೆ ಬಂದು ನಿಲ್ಲುತ್ತಿದ್ದವು.

ಅತ್ತೆಯ ಮನೆಯಲ್ಲಿ ಮುಕ್ಕಾಲು ಪಾಲು ಹುಳದ್ದು, ಉಳಿದ ಕಾಲು ಪಾಲಿನಲ್ಲಿ ಅವಳೂ ಮಾವನೂ. ಅಮ್ಮನಿಗೆ ಇದು ಗೊತ್ತಿರಲಿಲ್ಲ. ಅವಳು ತುರುವೇಕೆರೆ ಕಡೆಯವಳು, ತೆಂಗು ಬಲ್ಲಳೇ ಹೊರತು ರೇಷ್ಮೆಯನ್ನಲ್ಲ. ಮದುವೆಯಾದ ವರ್ಷ ಅಪ್ಪ ಫೋನು ಮಾಡಿ, ಸುತ್ತಾಡಲು ನಮ್ಮ ಜೊತೆ ಬಾ ಎಂದು ಅತ್ತೆಯನ್ನು ಕರೆದಾಗ, "ಜ್ವರ ಕಣ್ಲಾ, ಬುಟ್ಟು ಬರಾಕಾಗಕಿಲ್ಲ. ನೀವೇ ಬನ್ನಿ" ಅಂದಳಂತೆ. ಪಕ್ಕದಲ್ಲಿದ್ದ ಅಮ್ಮ ಅಷ್ಟನ್ನೇ ಕೇಳಿಸಿಕೊಂಡು, ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬ್ರೆಡ್ಡು, ನಾಲ್ಕು ಮೂಸಂಬಿ ಕಟ್ಟಿಸಿಕೊಂಡು ಹೋದಳು. ಹೋಗಿ ನೋಡಿದರೆ ಅತ್ತೆ ತಲೆ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೊಲದಿಂದ ಬರುತ್ತಿದ್ದಾಳೆ. ಅಮ್ಮ ಓಡಿಹೋಗಿ ಅವಳ ಹಣೆ ಮುಟ್ಟಿದಳಂತೆ.

"ಅತ್ತಿಗೆ, ಜ್ವರ ಇಟ್ಕೊಂಡು ಯಾಕೆ ಎದ್ದು ಓಡಾಡ್ತೀರಾ?"

"ಅಯ್ ನಮ್ಮವ್ವ, ಜ್ವರ ಬಂದಿರೋದು ನಂಗಲ್ಲ, ಹುಳಕ್ಕೆ!"

ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು ಸುಮ್ಮನೆ ಕೂತುಬಿಡುತ್ತದೆ. ಅದಕ್ಕೆ ಅವರು ಜ್ವರ ಅನ್ನುತ್ತಾರೆ. ಅಂಥ ಜ್ವರ ನಾಲ್ಕು. ನಾಲ್ಕನೆಯದರಿಂದ ಎದ್ದವೆಂದರೆ ಹೊತ್ತು ಗೊತ್ತಿಲ್ಲದೆ ಮೇಯುತ್ತವೆ, ಆಮೇಲೆ ಗೂಡು ಕಟ್ಟುತ್ತವೆ. ಅತ್ತೆ ಹೊರೆ ಕೆಳಗಿಳಿಸಿ, ಅಂಗಳದಲ್ಲೇ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳಂತೆ. ಆಮೇಲೆ ಕಾಫಿಗೆ ಅದ್ದಿ ಆ ಬ್ರೆಡ್ಡನ್ನೂ ತಿಂದಳಂತೆ.

ಅಂದಿನಿಂದ ಅದೇ ರೂಢಿಯಾಯಿತು. ಪ್ರತಿ ವರ್ಷ ಒಂದು ಬ್ರೆಡ್ಡು. ನನಗೆ ಬುದ್ಧಿ ಬಂದ ಮೇಲೆ ಅದನ್ನು ಕೊಡುವ ಕೆಲಸ ನನ್ನದು. "ಎಷ್ಟನೇ ಜ್ವರ ಅತ್ತೆ?" ಅನ್ನಬೇಕು. ಅವಳು ಮೂರನೇದೋ ನಾಕನೇದೋ ಹೇಳಿ, ರೋಗಿಯ ಹಾಗೆ ನರಳುತ್ತಾ ಬ್ರೆಡ್ಡು ಇಸಿದುಕೊಳ್ಳಬೇಕು. ಅಮ್ಮ ಹುಸಿಮುನಿಸಿನಿಂದ ಒಳಗೆ ಹೋಗಬೇಕು.

ಕೈಕಾಲು ತೊಳೆಸಿ, ವಾಸನೆ ಹುಳಕ್ಕೆ ಆಗದೆಂದು ಮುಖದ ಪೌಡರು ಒರೆಸಿ, ಅತ್ತೆ ನನ್ನನ್ನು ಹುಳದ ಕೋಣೆಗೆ ಕರೆದೊಯ್ಯುತ್ತಿದ್ದಳು. ನಸುಗತ್ತಲು. ಸಾವಿರ ಹುಳಗಳು ತಲೆ ಮೇಲೆತ್ತಿ, ಏನೋ ಕೇಳಿಸಿಕೊಳ್ಳುತ್ತಿರುವಂತೆ ನಿಂತಿರುತ್ತಿದ್ದವು. ನಾವೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು. ಅಲ್ಲೇ ಒಮ್ಮೆ ಅವಳು ಕೇಳಿದ್ದು:

"ಸಂಗಮ ಎಂಗೈತೆ ಮಗ?"

ಅವಳ ಹಿತ್ತಲ ಹಿಂದೆ ಹರಿಯುವ ಅರ್ಕಾವತಿ ಮುಂದೆ ಹೋಗಿ ಕಾವೇರಿಗೆ ಸೇರುವ ಜಾಗ ಅದು. ವ್ಯಾನಿನಲ್ಲಿ ಒಂದು ಗಂಟೆಯ ದಾರಿ. ನಾವು ಪ್ರತಿ ವರ್ಷ ನೋಡಿ ಬರುತ್ತಿದ್ದೆವು, ಅವಳು ಒಮ್ಮೆಯೂ ನೋಡಿರಲಿಲ್ಲ. "ಈ ನೀರ್ನಾಗೆ ಬಟ್ಟೆ ಒಗ್ದು ಒಗ್ದು ಮುದುಕಿ ಆದೆ. ಕೊನೆಗೆ ಎಲ್ಲೋಗಿ ಸೇರ್ತದೆ ಅಂತ ಒಂದ್ಸತಿ ನೋಡ್ಬೇಕು ಕಣವ್ವ," ಅಂದಳು. ಹಾಗಾದರೆ ಇವತ್ತೇ ಬಾ ಎಂದೆ. ಜ್ವರದಲ್ಲಿ ಹುಳ ಹೇಗೂ ತಿನ್ನುವುದಿಲ್ಲವಲ್ಲ ಎಂದು ವಾದವನ್ನೂ ಮಾಡಿದೆ. "ಯಾವ ಗಳಿಗೇಲಿ ಎದ್ದವೋ ಯಾರ್ ಕಂಡೋರು? ಎದ್ದೇಟ್ಗೆ ಎಳೇ ಸೊಪ್ಪು ಹಾಕ್ಬೇಕು. ಮುಂದಿನ್ ವರ್ಸ ಬತ್ತೀನಿ."

ಹಾಗೆ ಎಷ್ಟೋ ಮುಂದಿನ ವರ್ಷಗಳು ಹೋದವು.

ನಾನು ಕಾಲೇಜಿನಲ್ಲಿದ್ದ ವರ್ಷ, ಚನ್ನಪಟ್ಟಣದಲ್ಲೇ ಹೊತ್ತು ಏರಿಬಿಟ್ಟಿತ್ತು. ನನಗೋ ಬಿಸಿಲಿಳಿಯುವ ಮುಂಚೆ ಸಂಗಮ ಸೇರಿ ಫೋಟೋ ತೆಗೆಯುವ ಆತುರ. ಅತ್ತೆ ಮನೆಗೆ ಹೋದರೆ ಊಟ ಮಾಡದೆ ಬಿಡುವವಳಲ್ಲ. ನಾನೇ ಅವಳಿಗೆ ಫೋನು ಮಾಡಿದೆ.

"ಜ್ವರ ಕಣ್ ಮಗ..." ಅಂದಳು. ದನಿ ಸಣ್ಣಗಿತ್ತು.

ನಾನು ನಕ್ಕೆ. "ಎಷ್ಟನೇ ಜ್ವರ ಅತ್ತೆ?"

ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ ಅವಳೂ ನಕ್ಕಳು. "ನಾಕನೇದು ಅಂತ ಇಟ್ಕೊ. ನೀವು ಓಗ್ಬನ್ನಿ."

ಹುಳಕ್ಕೆ ಜ್ವರವಂತೆ, ದೀಪಾವಳಿಗೆ ಹೋದರಾಯಿತು ಎಂದು ಅಪ್ಪನಿಗೆ ಹೇಳಿದೆ. ವ್ಯಾನು ಅವಳ ಊರಿನ ಕೈಮರವನ್ನು ದಾಟಿ ನೇರ ಹೋಯಿತು. ಆ ವರ್ಷ ಮಾತ್ರ ನಾವು ಬ್ರೆಡ್ಡು ಕೊಳ್ಳಲಿಲ್ಲ.

ಒಂಬತ್ತು ದಿನಕ್ಕೆ ಸುದ್ದಿ ಬಂತು. ಹೋದಾಗ ಅಂಗಳದಲ್ಲಿ ಅವಳನ್ನು ಮಲಗಿಸಿದ್ದರು. ಕೈಕಾಲು ತೊಳೆಯಲು ಹಿಂದಕ್ಕೆ ಹೋದೆ. ಹುಳದ ಕೋಣೆಯ ಬಾಗಿಲು ತೆರೆದೇ ಇತ್ತು. ಹುಳ ಮೇಯಿಸುವ ತಟ್ಟೆಗಳನ್ನೆಲ್ಲ ತೊಳೆದು ಗೋಡೆಗೆ ಒರಗಿಸಿದ್ದರು, ಚಂದ್ರಿಕೆಗಳು ಖಾಲಿ. ಒಂದು ಹುಳವೂ ಇರಲಿಲ್ಲ. ಮಾವ ಹಿಂದೆ ಬಂದು ನಿಂತಿದ್ದರು.

"ಈ ಸತಿ ಹುಳದ ಮೊಟ್ಟೇನೇ ತರ್ಬ್ಯಾಡ ಅಂದ್ಲು ಕಣವ್ವ. ನಿಮ್ಜೊತೆ ಸಂಗಮಕ್ಕೆ ಬರ್ಬೇಕು ಅಂತಿದ್ಲು. ಸೀರೇನೂ ಮಡಚಿಟ್ಟಿದ್ಲು. ಅಷ್ಟ್ರಲ್ಲಿ ಈ ಜ್ವರ ಬಂದ್ಬುಡ್ತು."

ನಾನು ಅವರಿಗೆ ಫೋನಿನ ಮಾತು ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ನಾನು ಆ ತಮಾಷೆ ಮಾಡದಿದ್ದರೆ ಅವಳು ನಿಜ ಹೇಳುತ್ತಿದ್ದಳೇನೋ. ನನ್ನ ನಗು ಕೆಡಿಸಬಾರದೆಂದು ತಾನೂ ನಕ್ಕಳು. ಇಷ್ಟು ವರ್ಷವಾದರೂ ಆ ಒಂದು ಗಳಿಗೆಯ ಮೌನ ನೆನೆದರೆ ನನಗೆ ನಾಚಿಕೆಯಾಗುತ್ತದೆ, ಅಳು ಬರುತ್ತದೆ.

ಹೋಟೆಲಿನಿಂದ ಹೊರಟು ನಾವು ಸಂಗಮಕ್ಕೇ ಹೋದೆವು. ಕನಕಪುರದಲ್ಲಿ ಕಾರು ನಿಲ್ಲಿಸಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬ್ರೆಡ್ಡು ಕೊಂಡೆ. ಮೋಡ ಮುಸುಕಿದ ಮಧ್ಯಾಹ್ನ, ನೀರು ಅಗಲಕ್ಕೆ ಮಲಗಿತ್ತು. ಮಗಳು ಮೊಣಕಾಲುದ್ದ ನೀರಿಗಿಳಿದು, "ಅಮ್ಮ, ಇದ್ರಲ್ಲಿ ಅರ್ಕಾವತಿ ಯಾವುದು?" ಎಂದು ಕೂಗಿದಳು. ನನಗೂ ತಿಳಿಯಲಿಲ್ಲ. ಅತ್ತೆಯ ಹಿತ್ತಲಿನಿಂದ ಬಂದ ನೀರು ಇಲ್ಲೇ ಎಲ್ಲೋ ಇರಬೇಕು...

ದಂಡೆಯ ಕಲ್ಲಿನ ಮೇಲೆ ಕೂತು ಬ್ರೆಡ್ಡಿನ ಕವರು ಬಿಚ್ಚಿದೆ. ನಮ್ಮ ಮನೆಗೆ ಬ್ರೆಡ್ಡು ಬರುವುದು ಯಾರಿಗಾದರೂ ಜ್ವರ ಬಂದಾಗ ಮಾತ್ರ. "ಯಾರಿಗೆ ಜ್ವರ?" ಅಂದಳು ಮಗಳು.

"ನಮ್ಮತ್ತೆಗೆ," ಅಂದೆ. ಅದನ್ನು ಹೇಳಲು ನನಗೆ ಹದಿನೇಳು ವರ್ಷ ಹಿಡಿಯಿತು.