ಸೌದಾಮಿನಿಯ ಲ್ಯಾಬ್ ಕನ್ನಡಕ

ಸೌದಾಮಿನಿಗೆ ಸಿಟ್ಟು ಬಂದರೆ ಫ್ರೀಮಾಂಟಿನ ಗುಡ್ಡಗಳು ಒಂದಂಗುಲ ಹಿಂದೆ ಸರಿಯುತ್ತಿದ್ದವು. ಭೂಕಂಪ ಅಳೆಯುವವರು ಅದನ್ನು ಬರೆದಿಟ್ಟುಕೊಳ್ಳುತ್ತಿರಲಿಲ್ಲ, ಅಷ್ಟೆ.

ಆ ವರ್ಷ ಸಿಟ್ಟಿಗೆ ಕಾರಣಗಳೂ ಬೇಕಾದಷ್ಟಿದ್ದವು. ಪಕ್ಕದೂರು ಹೇವರ್ಡ್‌ನ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಡಿಗ್ರಿ. ಅದರ ಬೆನ್ನಿಗೇ ಮೆಡಿಕಲ್ ಸೀಟಿಗೆ ಬೇಕೇ ಬೇಕಾದ ಕೆಮಿಸ್ಟ್ರಿ, ಫಿಸಿಕ್ಸು. ಮನೆಯಲ್ಲಿ ನಾಲ್ಕು ವರ್ಷದ ಮಗಳು ಆಶ್ರಿತಾ, ಮೈಸೂರಿನಿಂದ ಬಂದಿಳಿದ ಅತ್ತೆ ತಾಯಮ್ಮ. ಗಂಡ ರಘುರಾಮ ಇಂಟರ್‌ನೆಟ್ಟಿನಲ್ಲಿ ಛತ್ರಿ ಮಾರುವ ಕಂಪನಿ ಸೇರಿದ್ದ. ಅರ್ಧ ವರ್ಷ ಮೋಡವೇ ಕಾಣದ ಊರಿನಲ್ಲಿ ಛತ್ರಿ! ಆದರೂ ಮನೆಯವರ ಲೆಕ್ಕದಲ್ಲಿ ಅವನದು ಕೆಲಸ, ಇವಳದು ಹವ್ಯಾಸ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಕೆಮಿಸ್ಟ್ರಿ ಪುಸ್ತಕ ಹಿಡಿದು ಎಷ್ಟು ಓದಿದ್ದಳೆಂದರೆ, ಆ ಪುಸ್ತಕ ಹಿಂಡಿದರೆ ಇಬ್ಬರಿಗಾಗುವಷ್ಟು ಸಾರು ಇಳಿಯುತ್ತಿತ್ತು.

ಊರಿನ ಕನ್ನಡ ಸಂಘದ ಯುಗಾದಿ ಊಟದ ಶನಿವಾರವೇ ಮಧ್ಯಾಹ್ನ ಲ್ಯಾಬ್ ಪರೀಕ್ಷೆ ಬಿತ್ತು. ತಪ್ಪಿದರೆ ಕೋರ್ಸು ಮತ್ತೆ ಸಿಗುವುದು ಮುಂದಿನ ವರ್ಷ. ಮೆಡಿಕಲ್ ಅರ್ಜಿಯೂ ಅಷ್ಟೇ ಹಿಂದಕ್ಕೆ. ಕಣ್ಣು ಕಾಯುವ ಲ್ಯಾಬ್ ಕನ್ನಡಕವಿಲ್ಲದೆ ಒಳಗೆ ಕಾಲಿಡುವಂತಿರಲಿಲ್ಲ. ಮಗುವನ್ನು ಕರೆದುಕೊಂಡು ಗಂಡ, ಅತ್ತೆ ಬೆಳಿಗ್ಗೆಯೇ ಸಂಘದ ಅಡುಗೆಗೆ ಹೋಗಿದ್ದರು. ಸೌದಾಮಿನಿ ಹೊರಡಲು ಚೀಲ ತೆರೆದರೆ ಕನ್ನಡಕವಿಲ್ಲ. ಹಾಸಿಗೆಯ ಕೆಳಗಿಲ್ಲ, ಆಟಿಕೆಗಳ ಡಬ್ಬಿಯಲ್ಲಿಲ್ಲ. ಶನಿವಾರ ಕಾಲೇಜಿನ ಅಂಗಡಿಯೂ ಮುಚ್ಚಿರುತ್ತದೆ. ಅಡುಗೆಮನೆಗೆ ಬಂದರೆ ಈಳಿಗೆಮಣೆಯೂ ಇಲ್ಲ!

ಆಗ ಹೊಳೆಯಿತು. ಮೊನ್ನೆ ಅತ್ತೆ ಆ ಕನ್ನಡಕ ಹಾಕಿಕೊಂಡು ನೋಡಿ, "ಈರುಳ್ಳಿ ಹೆಚ್ಚೋಕೆ ಹೇಳಿ ಮಾಡಿಸಿದ ಹಾಗಿದೆ ಕಣೇ" ಅಂದಿದ್ದರು.

ಸಂಘದ ಅಡುಗೆಮನೆಗೆ ನುಗ್ಗಿದಾಗ ರಘುರಾಮ ಅದೇ ಕನ್ನಡಕ ತೊಟ್ಟು ಬಜ್ಜಿಗೆ ಈರುಳ್ಳಿ ಹೆಚ್ಚುತ್ತಿದ್ದ, ಬಾಹ್ಯಾಕಾಶದಿಂದ ಇಳಿದ ಭಟ್ಟನ ಹಾಗೆ.

"ಬಂದ್ಯಾ? ಸೂಪರ್ ಐಡಿಯಾ ಅಮ್ಮಂದು! ಕಣ್ಣಲ್ಲಿ ಒಂದು ಹನೀನೂ ಇಲ್ಲ ನೋಡು."

"ಬಿಚ್ಚಿ."

"ಇನ್ನೊಂದು ಮೂಟೆ ಇದೆ ಕಣೆ, ಹತ್ತೇ ನಿಮಿಷ..."

"ಹಬ್ಬದ ದಿನಾನೂ ಕಾಲೇಜೇನೇ?" ಅಂದರು ಅತ್ತೆ. "ಇವತ್ತೊಂದಿನ ಬಿಟ್ರೆ ಆಕಾಶ ಬೀಳತ್ತಾ?"

"ಬೀಳತ್ತೆ, ಅತ್ತೆ. ಸೊಸೆ ಡಾಕ್ಟ್ರಾಗ್ತಾಳೆ ಅಂತ ಮೈಸೂರಿಗೆಲ್ಲ ಫೋನ್ ಮಾಡ್ತೀರಲ್ಲ, ಡಾಕ್ಟ್ರುಗಳೇನು ಈರುಳ್ಳಿ ಹಾಗೆ ಹೊಲದಲ್ಲಿ ಬೆಳೀತಾರಾ?"

ಅಷ್ಟಂದವಳೇ ಗಂಡನ ಮುಖದಿಂದ ಕನ್ನಡಕ ಕಿತ್ತುಕೊಂಡಳು. ಮರುಕ್ಷಣವೇ ರಘುರಾಮನ ಕಣ್ಣಿಂದ ಸುರಿದ ನೀರಿಗೆ ಅವನ ಕಂಪನಿಯ ಅಷ್ಟೂ ಛತ್ರಿ ಅಲ್ಲೇ ಖರ್ಚಾಗಬಹುದಿತ್ತು.

"ಮಮ್ಮೀ, ಡ್ಯಾಡಿ ಈಸ್ ಕ್ರೈಯಿಂಗ್!" ಆಶ್ರಿತಾ ಕುಣಿದಳು.

"ಅಳಲಿ ಬಿಡು ಪುಟ್ಟಿ. ರೀ, ಇವಳ ಊಟ, ನಿದ್ದೆ, ಸಂಜೆ ಪಾತ್ರೆ, ಎಲ್ಲಾ ನಿಮ್ಮದು."

"ನಂಗೆ ನಾಲ್ಕಕ್ಕೆ ಮೀಟಿಂಗು..."

"ಇವಳೂ ಬರ್ತಾಳೆ. ನಿಮ್ಮ ಮೀಟಿಂಗಲ್ಲಿ ನಿದ್ದೆ ಚೆನ್ನಾಗಿ ಬರತ್ತೆ."

ಫ್ರೀವೇಯಲ್ಲಿ ಅವಳ ಹಳೇ ಕಾರು ಹಾರಿದ ರಭಸಕ್ಕೆ ಪಕ್ಕದ ಸಮುದ್ರಕೊಲ್ಲಿಯ ಹಕ್ಕಿಗಳು ದಾರಿ ಬಿಟ್ಟವು. ಲ್ಯಾಬಿನ ಬಾಗಿಲು ಹಾಕುವಷ್ಟರಲ್ಲಿ ಒಳಗಿದ್ದಳು. ಕನ್ನಡಕದ ತುಂಬ ಈರುಳ್ಳಿಯ ಘಾಟು. ಪರೀಕ್ಷೆಯುದ್ದಕ್ಕೂ ಕಣ್ಣಲ್ಲಿ ನೀರಿನ ಧಾರೆ. ಮೇಷ್ಟ್ರು ಗಾಬರಿಯಿಂದ ಹತ್ತಿರ ಬಂದು, ಮನೆಗೆ ಹೋಗಬೇಕೇ ಎಂದು ಕೇಳಿದರು.

"ಮನೆಯಿಂದಲೇ ಬಂದದ್ದು ಇದು," ಅಂದಳು ಸೌದಾಮಿನಿ, ಕೈಯಲ್ಲಿದ್ದ ಗಾಜಿನ ನಳಿಗೆಯಿಂದ ಕಣ್ಣು ತೆಗೆಯದೆ.

ಎಲ್ಲ ಮುಗಿಸಿ ಕನ್ನಡಕವನ್ನು ಸೋಪು ಹಾಕಿ ಉಜ್ಜಿದಳು. ಮನೆಗೆ ಮಾತ್ರ ತರಲಿಲ್ಲ. ಕಾಲೇಜಿನ ಲಾಕರಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ತಾಳಿಯ ಸರಕ್ಕೇ ಪೋಣಿಸಿಕೊಂಡಳು.