ಜರ್ಮನ್ ಆಂಟಿಯ ಡೆರ್, ಡೀ, ದಾಸ್

ರಜೆಗೆಂದು ಮುಂಬಯಿ ಬಳಿಯ ಡೊಂಬಿವಲಿಗೆ, ಅಮ್ಮನ ಮನೆಗೆ ಬಂದವಳು ಅಡುಗೆಮನೆಯ ಕಪಾಟು ಒರೆಸುತ್ತಿದ್ದೆ. ಬಾಗಿಲಿನ ಒಳಮೈಯಲ್ಲಿ ಒಂದು ಹಳದಿ ಚೀಟಿ ಇನ್ನೂ ಅಂಟಿಕೊಂಡಿತ್ತು. ಶಾಯಿ ಮಾಸಿದ್ದರೂ ಅಕ್ಷರದ ಗುರುತು ಸಿಕ್ಕಿತು. ಕೆಳಗಿನ ಮಹಡಿಯ ಜರ್ಮನ್ ಆಂಟಿಯದು...

ಉಡುಪಿ ಕಡೆಯವರು. ಎಂಐಡಿಸಿ ಕೈಗಾರಿಕಾ ಪ್ರದೇಶದ ಯಂತ್ರದ ಕಂಪನಿಯೊಂದರಲ್ಲಿ ಜರ್ಮನ್ ಕಾಗದಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಡುವ ಕೆಲಸದಲ್ಲಿದ್ದು ನಿವೃತ್ತರಾಗಿದ್ದರು. ನಾನಾಗ ಠಾಣೆ ನಗರದ ಆಸ್ಪತ್ರೆಯಲ್ಲಿ ನರ್ಸ್. ಜರ್ಮನಿಯಲ್ಲಿ ಕೆಲಸ ಸಿಗಲು ಭಾಷೆಯ ಪರೀಕ್ಷೆ ಪಾಸಾಗಬೇಕಿತ್ತು. ಎರಡು ಸಲ ಫೇಲಾಗಿದ್ದೆ. ಪ್ರತಿ ವಸ್ತುವಿನ ಹೆಸರಿನ ಮುಂದೆ ಗಂಡು, ಹೆಣ್ಣು, ನಪುಂಸಕ ಎಂದು ಡೆರ್, ಡೀ, ದಾಸ್ ಎಂಬ ಮೂರರಲ್ಲಿ ಒಂದು ಬರಬೇಕು. ಯಾವುದೆಂದು ನನಗೆ ಹೊಳೆಯುತ್ತಲೇ ಇರಲಿಲ್ಲ.

"ಕನ್ನಡದಲ್ಲಿ ಚಮಚವೂ ಅದು, ಮೇಜೂ ಅದು. ಇವರದ್ದೇನು ರಗಳೆ ಆಂಟಿ?" ಎಂದು ಒಂದು ದಿನ ಅವರೆದುರು ಗೊಣಗಿದೆ.

"ಮರಾಠಿಯಲ್ಲಿ ಕುರ್ಚಿಗೆ ಎಂತ ಹೇಳ್ತಿ ಮಾರಾಯ್ತಿ? ತೋ ಅಂತಲಾ, ತೀ ಅಂತಲಾ?"

"ತೀ."

"ಯಾರು ಹೇಳಿಕೊಟ್ಟದ್ದು?"

ಯಾರೂ ಇಲ್ಲ. ಇಲ್ಲೇ ಹುಟ್ಟಿದ ನನಗೆ ಕುರ್ಚಿ 'ಅವಳು' ಎಂಬುದು ಕೇಳಿ ಕೇಳಿಯೇ ಬಂದಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಆಂಟಿ ಮಾತ್ರ ತರಕಾರಿ ಮಾರುವ ಭಾಜಿವಾಲಿಯ ಎದುರು ತೋ, ತೀ ತಪ್ಪಾಡಿ ನಗೆಪಾಟಲಾಗಿದ್ದರಂತೆ. ಅಂದಿನಿಂದ ನನ್ನನ್ನು ದಿನವೂ ಕೂರಿಸಿಕೊಂಡರು. ನಮ್ಮ ಮನೆ ತುಂಬ ವಸ್ತುಗಳ ಜರ್ಮನ್ ಹೆಸರು ಬರೆದ ಚೀಟಿ ಅಂಟಿಸಿದರು. ಒಂದು ತಪ್ಪನ್ನೂ ತಿದ್ದದೆ ಬಿಡುತ್ತಿರಲಿಲ್ಲ.

ಮೂರನೆಯ ಪರೀಕ್ಷೆಗೆ ತಿಂಗಳಿದೆ ಎನ್ನುವಾಗ ಅವರಿಗೆ ಸ್ಟ್ರೋಕ್ ಆಯಿತು. ಮಾತು ಹೋಯಿತು. ತುಳು, ಕನ್ನಡ ಒಂದೊಂದೇ ಪದವಾಗಿ ಮರಳಿದವು, ಜರ್ಮನ್ ಮಾತ್ರ... ಒಂದು ಸಂಜೆ ಅವರಿಗೆ ಹಾಲು ಕುಡಿಸಲು ಕೂತಿದ್ದೆ. ಲೋಟವನ್ನೇ ನೋಡುತ್ತ, ಕಷ್ಟಪಟ್ಟು, "ದಾಸ್ ಮಿಲ್ಶ್" ಎಂದರು.

ಹಾಲಿಗೆ ದಾಸ್ ಅಲ್ಲ, ಡೀ. ಅವರೇ ಕಲಿಸಿದ್ದು. ಕೇಳದವಳಂತೆ ಇದ್ದುಬಿಡಬಹುದಿತ್ತು, ರೋಗಿಗಳ ಜೊತೆ ಎಷ್ಟೋ ಸಲ ಹಾಗೆ ಮಾಡುತ್ತೇವೆ. ಆದರೆ ಅವರು ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದರು.

"ಡೀ ಮಿಲ್ಶ್, ಆಂಟಿ," ಎಂದೆ ಮೆಲ್ಲಗೆ.

ಅವರು ತುಟಿಯನ್ನು ನಿಧಾನಕ್ಕೆ ಹೊಂದಿಸಿಕೊಂಡರು. ಆಮೇಲೆ "ಡೀ" ಎಂದು ತಿದ್ದಿಕೊಂಡು, ನನ್ನ ಕೈ ಹಿಡಿದು, "ಪಾಸಾಗ್ತಿ" ಎಂದರು.

ಪಾಸಾದೆ. ನಾನು ಜರ್ಮನಿಗೆ ಹೋದ ಮರುವರ್ಷ ಅವರು ತೀರಿಕೊಂಡರು. ಅಮ್ಮ ಫೋನಿನಲ್ಲಿ ಹೇಳಿದಾಗ ಡ್ಯೂಟಿಯಲ್ಲಿದ್ದೆ, ಅಳುವುದಕ್ಕೂ ಆಗಲಿಲ್ಲ. ಈಗ ಕೆಳಗಿನ ಮನೆಯಲ್ಲಿ ಬೇರೆ ಸಂಸಾರವಿದೆ.

ಜರ್ಮನಿಯ ವಾರ್ಡಿನಲ್ಲಿ ನಾನು ಇಂದಿಗೂ ಆಗಾಗ ಡೆರ್, ಡೀ, ದಾಸ್ ತಪ್ಪುತ್ತೇನೆ. ಜನ ಸೌಜನ್ಯದವರು, ಅರ್ಥವಾದರೆ ಸಾಕೆಂದು ಮುಂದಿನ ಮಾತಿಗೆ ಹೋಗುತ್ತಾರೆ. ತಡೆದು ತಿದ್ದುವಷ್ಟು ಹತ್ತಿರದವರು ಯಾರೂ ಇಲ್ಲ.