ಮಾರಬೇಕಿದ್ದ ಲಾರಿ

ಲಾರಿ ಹಳ್ಳಕ್ಕೆ ಉರುಳಿರಬಹುದು, ಚಕ್ರದ ಮೇಲಿನ ಸ್ಪ್ರಿಂಗಿನ ಪಾಟಾ ಮುರಿದಿರಬಹುದು, ಡ್ರೈವರ್ ಮಲ್ಲಪ್ಪ ಸಿಟ್ಟಿನಿಂದ ಅದನ್ನು ಸೊಲ್ಲಾಪುರಕ್ಕೇ ಓಡಿಸಿಕೊಂಡು ಹೋಗಿರಬಹುದು. ವಿಜಾಪುರದ ನನ್ನ ಕಚೇರಿಯ ಬಾಗಿಲಲ್ಲಿ ನಿಂತು, ಬೆಳಗಿನ ಹತ್ತರೊಳಗೆ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ರೂಪಾಯಿಯ ಬೆಲೆ ಇಳಿದ ಆ ವರ್ಷ ಹತ್ತಿ ಸಾಗಿಸುವ ಬಾಡಿಗೆ ನಿಂತುಹೋಗಿ, ಇದ್ದೊಂದು ಲಾರಿಯನ್ನು ಮಾರಲು ಹೊರಟಿದ್ದೆ. ಲಾರಿ ಹೋದರೆ ಮಲ್ಲಪ್ಪನ ಕೆಲಸವೂ ಹೋಗುತ್ತಿತ್ತು. ಹಿಂದಿನ ದಿನ, ತೊಳೆದು ತಾ ಎಂದು ಅವನನ್ನೇ ಕಳಿಸಿದ್ದೆ. ಕೊಳ್ಳುವವರು ಆಗಲೇ ಬಂದು ಕೂತಿದ್ದರು.

ಕೊನೆಗೂ ಲಾರಿ ಬಂತು, ಮನೆಯೆತ್ತರ ಜೋಳದ ಒಣ ದಂಟು, ಕಣಕಿ, ಹೇರಿಕೊಂಡು.

"ಇದೇನಲೇ, ತೊಳ್ಯಾಕ ಕಳಿಸಿದ್ನೆಲ್ಲೋ!" ಎಂದು ರೇಗಿದೆ.

"ಮಾರೂದ ಬ್ಯಾಡ್ರಿ ಸಾವ್ಕಾರ್ರ. ಇಲ್ಲಿ ಗೌಳ್ಯಾರ ಎಮ್ಮಿಗೆ ಘೋಣಸಗಿ ಹಳ್ಳ್ಯಾಗಿನ ಕಣಕಿ ಬೇಕಂತ. ಸುಗ್ಗಿತನಕಾ ಬಾಡಗಿ ಹಿಡದೇನಿ. ಚಿಂತಿ ಎಲ್ಲಾ ನೀವ ಮಾಡಿ ಮುಗಿಸಿದ್ರ ನಮಗೇನ ಉಳೀತೈತ್ರಿ?" ಎಂದ ಮಲ್ಲಪ್ಪ.

ಕೊಳ್ಳಲು ಬಂದವರು ಚಹಾ ಕುಡಿದು ಎದ್ದುಹೋದರು. ಆ ದಿನ ನಿಜಕ್ಕೂ ಕೆಟ್ಟದ್ದು ಒಂದೇ: ಕಣಕಿಯ ಎತ್ತರದ ಅಂದಾಜು ಸಿಗದೆ ಮಲ್ಲಪ್ಪ ಲಾರಿ ತಿರುಗಿಸಿದಾಗ, ನನ್ನ ಹೆಸರಿನ ಬೋರ್ಡು ಕಿತ್ತುಬಿತ್ತು. ಹೊಸ ಬೋರ್ಡಿನಲ್ಲಿ ಅವನ ಹೆಸರನ್ನೂ ಬರೆಸಿದ್ದೇನೆ.